ಕಂಬಳಿಯ ಕೈಗವಸು

ಹನಗೋಡು
೧೪-೧೧-೧೯೫೬

ಚಿ. ಸೌ. ಸರ್ವಮಂಗಳಳಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಅಕ್ಷರ ಚೆನ್ನಾಗಿದೆ, ವಿಷಯ ಚೆನ್ನಾಗಿಲ್ಲ.

ಉತ್ತರವನ್ನು ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ಹೊಳೆದಂಡೆಯ ಗದ್ದೆಯನ್ನು ವಾರದ ಗೇಣಿಗೆ ಕೊಟ್ಟು ನನ್ನ ಮಗ ಕಂಠಪ್ಪ ದನದ ಆಸ್ಪತ್ರೆಯ ನೌಕರಿಗೆ ಹೊರಟ ದಿನವೇ ಅವನಿಗೆ ಹೇಳಿದ್ದೆ, ಇನ್ನು ಮೇಲೆ ನನ್ನ ಕಾಗದ ನಿನ್ನ ಹೆಸರಿಗೆ ಬರುವುದಿಲ್ಲ ಎಂದು. ಎರಡು ವರ್ಷವಾಯಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ನಾನು. ನೀನು ಓದಿ ಹೇಳು.

ಬೆಳಗಿನ ಚಳಿಯಲ್ಲಿ ಮೋಟಾರ್ ಸೈಕಲ್ಲು ಬಿಟ್ಟುಕೊಂಡು ಹೋಗಿ ಕಂಠಪ್ಪನ ಬೆರಳು ಸೆಟೆದುಕೊಳ್ಳುತ್ತವೆ, ಊರು ಸೇರಿ ಎಷ್ಟೋ ಹೊತ್ತಿನವರೆಗೆ ಮಡಚಲು ಬರುವುದಿಲ್ಲ ಎಂದು ಬರೆದಿದ್ದೀಯೆ. ಅದಕ್ಕಾಗಿ ಅವನ ಎರಡೂ ಕೈಯನ್ನು ಕಾಗದದ ಮೇಲೆ ಇರಿಸಿ ಸುತ್ತ ಗೀಟೆಳೆದು, ಆ ಅಳತೆಗೆ ತೊಗಲಿನ ಕೈಗವಸು ಹೊಲಿಯಲು ಹುಣಸೂರಿನ ಸಣ್ಣಯ್ಯನಿಗೆ ಕಳಿಸಿದ್ದೀಯಂತೆ. ಯಾರನ್ನು ಕೇಳಿ ಕಳಿಸಿದೆ?

ಸಣ್ಣಯ್ಯ ಒಳ್ಳೆಯ ಕೆಲಸಗಾರ. ನಿನ್ನ ಮಾವನವರ ಕುದುರೆಯ ಜೀನು ಹೊಲಿದವನು ಅವನ ಅಪ್ಪ. ತೊಗಲು ಕಾಲಿಗಿರಲಿ, ಕುದುರೆಯ ಬೆನ್ನಿಗಿರಲಿ, ಕೈಗೆ ಬೇಡ. ನಮ್ಮ ಎಡಗೈ ಬರೀ ಕೈಯಲ್ಲ, ಲಿಂಗದ ಪೀಠ. ಬೆಳಿಗ್ಗೆ ಎದ್ದು ಲಿಂಗವನ್ನು ಇಟ್ಟುಕೊಂಡು ಪೂಜಿಸಿದ ಅಂಗೈಗೆ, ಅರ್ಧ ಗಂಟೆ ಕಳೆಯುವ ಮುಂಚೆ ಸತ್ತ ದನದ ಚರ್ಮ ತೊಡಿಸುತ್ತಾರೆಯೇ? ನಿನ್ನ ತಂದೆ ಲಿಂಗಣ್ಣನವರು ರಾವಂದೂರಿನಲ್ಲಿ ಇದನ್ನು ಹೇಳಿಕೊಡಲಿಲ್ಲವೆ?

ನಿನ್ನ ಮಾವನವರು ಪಟೇಲಿಕೆಯ ಕಾಲದಲ್ಲಿ ಇಬ್ಬನಿ ಸುರಿಯುವಾಗಲೇ ಕುದುರೆಯ ಮೇಲೆ ಹುಣಸೂರಿನ ಕಚೇರಿಗೆ ಹೋಗುತ್ತಿದ್ದರು. ಕೈ ಜೋಮು ಹಿಡಿದರೆ ಕುದುರೆಯ ಕುತ್ತಿಗೆಯ ಕೂದಲೊಳಗೆ ತೂರಿಸುತ್ತಿದ್ದರಂತೆ. ಜೀವವಿರುವ ವಾಹನಕ್ಕೆ ಶಾಖವಿರುತ್ತದೆ. ಕೊಡಗಿನ ತೋಟದವರು ಓಡಿಸಿ ಬಿಟ್ಟ ಆ ಕಬ್ಬಿಣಕ್ಕೆ ಏನಿದೆ?

ಹೊರಡುವ ಮುಂಚೆ ಒಲೆಯ ಮುಂದೆ ಕೂರಿಸಿ ಬೆರಳಿಗೆ ಬಿಸಿ ಹರಳೆಣ್ಣೆ ತಿಕ್ಕು. ಹಳೆಯ ಪಂಚೆ ಹರಿದು ಸುತ್ತು. ತೊಗಲು ಬಂದರೆ ಬಂದ ಹಾಗೇ ವಾಪಸು ಕಳಿಸು.

ಪಟೇಲರ ಮನೆ ಶಿವರುದ್ರಮ್ಮ


ಹ್ಯಾಂಡ್‌ಪೋಸ್ಟ್
೨೬-೧೧-೧೯೫೬

ಪೂಜ್ಯ ಅತ್ತೆಯವರ ಪಾದಗಳಿಗೆ ಸರ್ವಮಂಗಳ ಮಾಡುವ ಶರಣಾರ್ಥಿಗಳು.

ನೀವು ಹೇಳಿದ್ದನ್ನೆಲ್ಲ ಮಾಡಿದೆ. ಹರಳೆಣ್ಣೆ ತಿಕ್ಕಿದೆ. ಬ್ರೇಕಿನ ಹಿಡಿ ಜಾರುತ್ತದೆ ಎಂದು ಬಾಗಿಲು ದಾಟುವ ಮುಂಚೆ ಸೀಗೆಪುಡಿ ಹಾಕಿ ತೊಳೆದುಕೊಂಡರು. ಪಂಚೆ ಸುತ್ತಿದೆ. ಇಬ್ಬನಿಗೆ ನೆನೆದು ಇನ್ನೂ ತಣ್ಣಗಾಯಿತಂತೆ. ನಾನೇ ಒಂದು ಉಪಾಯ ಮಾಡಿ ಎರಡು ಬಿಸಿ ಮುದ್ದೆಯನ್ನು ಬಾಳೆಲೆಯಲ್ಲಿ ಸುತ್ತಿ, ಬಟ್ಟೆ ಕಟ್ಟಿ, ಕೋಟಿನ ಎರಡು ಜೇಬಿಗೆ ಹಾಕಿದೆ. ನಿಂತಲ್ಲಿ ಕೈ ಕಾಯಿಸಿಕೊಳ್ಳಬಹುದು, ಹೊತ್ತೇರಿದ ಮೇಲೆ ತಿನ್ನಲೂಬಹುದು. ಅಂತರಸಂತೆಯಿಂದ ಒಂದು ನಾಯಿ ಮನೆಯವರೆಗೂ ಗಾಡಿಯ ಹಿಂದೆ ಓಡಿಬಂತು.

ಕಬ್ಬಿಣಕ್ಕೂ ಶಾಖವಿದೆ ಅತ್ತೆ. ಎರಡು ಮೂರು ಮೈಲಿಗೊಮ್ಮೆ ನಿಲ್ಲಿಸಿ ಇಂಜಿನ್ನಿಗೆ ಕೈಯೊಡ್ಡುತ್ತಾರೆ. ಒಮ್ಮೆ ತೋಳು ಸುಟ್ಟುಕೊಂಡು ಬಂದರು. ಆದರೆ ನಿಂತರೆ ಹೊತ್ತಾಗುತ್ತದೆ. ದನದ ದೊಡ್ಡರೋಗದ ಮದ್ದು ಹಿಂದಿನ ಸಾಯಂಕಾಲದ ಬಸ್ಸಿಗೆ ಮೈಸೂರಿನಿಂದ ಬರುತ್ತದೆ, ಐಸಿನ ಪೆಟ್ಟಿಗೆಯಲ್ಲಿ. ಬಿಸಿಲೇರಿದರೆ ಕೆಡುತ್ತದೆ. ದನ ಮೇಯಲು ಹೊರಡುವ ಮುಂಚೆ ಊರು ಸೇರಬೇಕು. ಹೊರಗೆ ಚಳಿ, ಪೆಟ್ಟಿಗೆಯಲ್ಲಿ ಐಸು. ಆ ಕೈಯಲ್ಲಿ ಸೂಜಿ ಹಿಡಿಯಬೇಕು.

ಮೊನ್ನೆ ಒಂದು ಹಳ್ಳಿಯಲ್ಲಿ ಮದ್ದು ತುಂಬಿದ ಗಾಜಿನ ಪಿಚಕಾರಿ ಬೆರಳಿನಿಂದ ಜಾರಿ ಕಲ್ಲಿನ ಮೇಲೆ ಬಿತ್ತು. "ನೋಡ್ರಲಾ, ದನ ನೆಟ್ಗೆ ನಿಂತದೆ, ಡಾಕ್ಟ್ರೇ ನಡುಗ್ತಾವ್ರೆ. ಮೊದ್ಲು ಅವ್ರಿಗೇ ಚುಚ್ರಲಾ!" ಎಂದು ಒಬ್ಬ ಕೂಗಿದನಂತೆ. ಎಲ್ಲರೂ ನಕ್ಕರಂತೆ. ಇವರೂ ನಗುತ್ತಲೇ ಬಂದು ನನಗೆ ಹೇಳಿದರು. ಹೇಳುವಾಗ ಕಾಫಿ ಲೋಟ ಹಿಡಿಯಲು ಆಗದೆ ನಾನೇ ಬಾಯಿಗೆ ಹಿಡಿದೆ.

ಸಣ್ಣಯ್ಯ ಕೈಗವಸು ಕಳಿಸಿದ್ದಾನೆ. ಐದು ಬೆರಳಿಗೂ ಬೇರೆ ಬೇರೆ ಮನೆ, ಒಳಗೆ ಹತ್ತಿಯ ಬಟ್ಟೆ. ಇವರು ಒಂದು ಸಲ ಹಾಕಿ ನೋಡಿ, ತೆಗೆದು ಗೂಟಕ್ಕೆ ನೇತುಹಾಕಿದರು. "ಅವ್ವ ಹ್ಞೂಂ ಅಂದ್ರೆ ಹಾಕ್ಕೋತೀನಿ. ಇಲ್ದಿದ್ರೆ ಅಲ್ಲೇ ಇರ್ಲಿ," ಅಂದರು.

ಒಳಗಿನ ಬಟ್ಟೆ ಮಾತ್ರ ಅಂಗೈಗೆ ತಾಗುತ್ತದೆ ಅತ್ತೆ, ತೊಗಲು ತಾಗುವುದಿಲ್ಲ. ನಿಮ್ಮ ಒಂದು ಮಾತು ಬೇಕು.

ನಿಮ್ಮ ಸೊಸೆ
ಸರ್ವಮಂಗಳ


ಹನಗೋಡು
೬-೧೨-೧೯೫೬

ಸರ್ವಮಂಗಳಳಿಗೆ ಆಶೀರ್ವಾದ.

ನನ್ನ ಒಂದು ಮಾತು ಬೇಕು ಅಂದೆ. ಬೇಡ. ಇದೇ ಆ ಮಾತು.

ಒಳಗೆ ಬಟ್ಟೆ ಇದೆಯಂತೆ! ವಕೀಲರ ಮನೆಯಲ್ಲಿ ಹುಟ್ಟಬೇಕಾಗಿತ್ತು ನೀನು. ಮುದ್ದೆಯನ್ನು ಜೇಬಿಗೆ ಹಾಕಿ ನಾಯಿಯ ಮೆರವಣಿಗೆ ಮಾಡಿಸಿದ್ದಕ್ಕೆ ಏನು ಹೇಳಲಿ. ಪಟೇಲರ ಮಗ ಊರೂರಿನಲ್ಲಿ ನಗೆಪಾಟಲಾದದ್ದು ಸಾಲದೆ?

ನಾನು ಸುಮ್ಮನೆ ಬೇಡ ಅನ್ನುವವಳಲ್ಲ. ಬೇಡ ಎಂದ ಮೇಲೆ ಬೇಕಾದದ್ದನ್ನು ನಾನೇ ಒದಗಿಸುತ್ತೇನೆ. ಇದರ ಜೊತೆ ಒಂದು ಜೊತೆ ಕೈಗವಸು ಕಳಿಸಿದ್ದೇನೆ, ಕಂಬಳಿಯದು. ಕಂಬಳಿಗೆ ಮೈಲಿಗೆಯಿಲ್ಲ. ಅದರ ಮೇಲೆ ಕೂತು ಪೂಜೆ ಮಾಡುತ್ತೇವೆ.

ಕುರುಬರ ಕೇರಿಯ ಚಿಕ್ಕಬೀರಯ್ಯ ಮಗ್ಗದಿಂದ ಇಳಿಸಿ ನಾಲ್ಕು ದಿನವಾಗದ ಕರಿ ಕಂಬಳಿ ತಂದುಕೊಟ್ಟ. ಹೊಸ ಕಂಬಳಿಯ ಬಿಗಿ ನೀನು ನೋಡಿರುವೆಯಲ್ಲ, ಹುಣಸೆಬೀಜದ ಗಂಜಿ ಕುಡಿದು ಹಲಗೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಾನು ಕತ್ತರಿ ತೆಗೆದದ್ದು ಕಂಡು ಅವನಿಗೆ ಜೀವವೇ ಹೋದ ಹಾಗಾಯಿತು.

"ಅಯ್ಯೋ ಅವ್ವಾರೇ, ಒಸಾ ಕಂಬ್ಳಿ ಕಣ್ರವ್ವ! ಕೋಳಿ ಕುಯ್ದಂಗೆ ಕುಯ್ತೀರಲ್ಲ!"

"ನಿನ್ನ ಕಂಬಳಿಯ ಪುಣ್ಯ ಅಂದುಕೊ. ನನ್ನ ಮಗನ ಕೈಗೆ ಹೋಗುತ್ತದೆ."

"ಕೈಗಾ? ಆಳೆತ್ತರದ ಮನ್ಸ ಒದ್ಕಳ್ಳಿ ಅಂತ ನಾನು ನೇಯ್ದ್ರೆ, ನೀವು ಬೆರಳ್ಗೆ ಒದುಸ್ತೀರಾ?"

ಇನ್ನೂ ಏನೇನೋ, ಅಂಗೆ ಮಾಡಿ ಇಂಗೆ ಮಾಡಿ ಎಂದು ಹೇಳುತ್ತ ನಿಂತ. ಅವನ ಮಾತಿಗೆಲ್ಲ ಕಿವಿ ಕೊಟ್ಟು ಕೂತರೆ, ಇದನ್ನು ತರುತ್ತಿರುವ ಶಿವನಂಜಪ್ಪ ಹೊರಡುವ ಬಸ್ಸು ನಿಲ್ಲುತ್ತದೆಯೇ? ಕಳಿಸಿಬಿಟ್ಟೆ. ಎರಡು ದಿನ ಕೂತು ನಾನೇ ಹೊಲಿದೆ. ಹೆಬ್ಬೆರಳಿಗೆ ಒಂದು ಮನೆ, ನಾಲ್ಕು ಬೆರಳಿಗೆ ಕೂಡಿ ಒಂದು ಮನೆ. ಒಂದಕ್ಕೊಂದು ತಾಗಿಕೊಂಡಿದ್ದರೆ ಬೆರಳೂ ಬೆಚ್ಚಗಿರುತ್ತವೆ. ಮಣಿಕಟ್ಟಿನಲ್ಲಿ ದಾರ ಇದೆ, ಬಿಗಿದು ಕಟ್ಟಿ ಕಳಿಸು. ಕನ್ನಡಕ ಹಾಕಿಕೊಂಡರೂ ಸೂಜಿಯ ಕಣ್ಣು ಕಾಣಲಿಲ್ಲ, ಆದರೂ ಹೊಲಿಗೆ ನೋಡು, ಒಂದೇ ಸಮ ಇದೆ.

ಶಿವನಂಜಪ್ಪ ನಮ್ಮ ನಂಟ, ಊಟ ಹಾಕಿ ಕಳಿಸು. ತೊಗಲಿನ ಜೋಡಿಯನ್ನು ಗೂಟದಿಂದ ತೆಗೆ.

ಪಟೇಲರ ಮನೆ ಶಿವರುದ್ರಮ್ಮ


ಹ್ಯಾಂಡ್‌ಪೋಸ್ಟ್
೧೭-೧೨-೧೯೫೬

ಪೂಜ್ಯ ಅತ್ತೆಯವರಿಗೆ ಶರಣಾರ್ಥಿಗಳು.

ಶಿವನಂಜಪ್ಪನವರು ಬಂದಿದ್ದರು. ಊಟ ಮಾಡಿ ಹೋದರು. ಕೈಗವಸು ತಲುಪಿದವು. ಹಾಕಿಕೊಂಡು ಹೋಗುತ್ತಿದ್ದಾರೆ. ಬೆಚ್ಚಗಿವೆಯಂತೆ.

ಇಲ್ಲಿ ಎಲ್ಲ ಕ್ಷೇಮ.

ಸರ್ವಮಂಗಳ


ಹನಗೋಡು
೨೬-೧೨-೧೯೫೬

ಸರ್ವಮಂಗಳಳಿಗೆ ಆಶೀರ್ವಾದ.

ನಿನ್ನ ಕಾರ್ಡು ನಾಲ್ಕೇ ಸಾಲು. ಹಿಂದಿನ ಸಲ ನಾಯಿಯ ಕಥೆಗೂ ಜಾಗವಿತ್ತು. ಸೋತವರಿಗೆ ಮಾತು ಕಡಿಮೆ, ಇರಲಿ. ಬೆಚ್ಚಗಿವೆ ಎಂದು ಬರೆದೆಯಲ್ಲ, ಅಷ್ಟು ಸಾಕು. ಆ ಒಂದು ಸಾಲನ್ನು ಭದ್ರಮ್ಮನಿಗೆ ಓದಿ ಹೇಳಿದೆ. ಪಕ್ಕದ ಮನೆಯಲ್ಲಿದ್ದುಕೊಂಡು, ಈ ಕಾಲದ ಮಕ್ಕಳು ಅವ್ವಂದಿರು ಹೊಲಿದದ್ದನ್ನೆಲ್ಲಿ ಹಾಕುತ್ತಾರೆ ಎಂದು ಆಡಿದ್ದಳು. ಈಗ ಬಾಯಿ ಮುಚ್ಚಿದ್ದಾಳೆ.

ಬರುವ ಒಂಬತ್ತನೇ ತಾರೀಖು ಬುಧವಾರ ನಿನ್ನ ಮಾವನವರ ಸ್ಮರಣೆ. ನೀನು ಹಿಂದಿನ ದಿನವೇ ಬಸ್ಸಿಗೆ ಬಾ, ಅಡಿಗೆಗೆ ಕೈ ಬೇಕು. ಅವನಿಗೆ ಮಂಗಳವಾರ ಸಾಯಂಕಾಲದವರೆಗೂ ಕೆಲಸವೆಂದರೆ ಬುಧವಾರ ಬೆಳಿಗ್ಗೆ ಬರಲಿ. ಬಸ್ಸು ನೆಚ್ಚಿಕೊಂಡರೆ ಹನ್ನೊಂದಾಗುತ್ತದೆ. ಜಂಗಮರು ಎಂಟಕ್ಕೆಲ್ಲ ಬರುತ್ತಾರೆ. ಅವರ ಪಾದಕ್ಕೆ ನೀರು ಹಾಕಬೇಕಾದವನು ಮಗ. ಮೋಟಾರ್ ಸೈಕಲ್ಲಿನಲ್ಲೇ ಬರಲಿ, ಅಭ್ಯಂತರವಿಲ್ಲ.

ಕೈಗವಸು ಹಾಕಿಕೊಂಡೇ ಬರಬೇಕೆಂದು ಹೇಳು. ಭದ್ರಮ್ಮನೂ ಇರುತ್ತಾಳೆ. ಅವನು ಅದನ್ನು ಹಾಕಿಕೊಂಡು ನಮ್ಮ ಬಾಗಿಲಲ್ಲಿ ಇಳಿಯುವುದನ್ನು ನಾನು ನೋಡಬೇಕು.

ಪಟೇಲರ ಮನೆ ಶಿವರುದ್ರಮ್ಮ


ಹನಗೋಡು
೩೦-೧-೧೯೫೭

ಸರ್ವಮಂಗಳಳಿಗೆ,

ಮೈಸೂರಿನ ಆಸ್ಪತ್ರೆಯಿಂದ ನಾನು ಹಿಂದಿರುಗಿ ಹತ್ತು ದಿನವಾಯಿತು. ಒಂದು ಕಾರ್ಡು ಬರೆಯಲು ನಿನಗೆ ಪುರಸೊತ್ತಾಗಲಿಲ್ಲ. ಅಲ್ಲಿದ್ದಷ್ಟು ಹೊತ್ತೂ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನೀನು ಬಾಗಿಲಿನ ಹತ್ತಿರ ನಿಂತು, "ನಿದ್ದೆ ಬಂದಿದೆ ಅತ್ತೆ," ಅಂದೆ. ನಿದ್ದೆ ಬಂದವರ ಬೆನ್ನು ಹಾಗಿರುವುದಿಲ್ಲ. ಹೆತ್ತವಳಿಗೆ ಅಷ್ಟು ಗೊತ್ತಾಗುತ್ತದೆ.

ಅವತ್ತು, ಸ್ಮರಣೆಯ ದಿನ, ನೀನು ಒಲೆಯ ಮುಂದಿದ್ದೆ, ನಾನು ಪಡಸಾಲೆಯಲ್ಲಿದ್ದೆ. ಹೊಳೆಯ ಕಡೆಯಿಂದ ಪಟಪಟ ಶಬ್ದ ಬಂದದ್ದು ನನ್ನ ಕಿವಿಗೆ ಬಿತ್ತು. ಭದ್ರಮ್ಮನಿಗೆ "ಬಂದ" ಎಂದೆ. ಆಮೇಲೆ ಶಬ್ದ ನಿಂತಿತು. ಹುಲ್ಲಿನ ಗಾಡಿಯವನು ಓಡಿಬಂದು, "ಇಬ್ಬನೀಲಿ ಕಾಣ್ನಿಲ್ಲ ಕಣ್ರವ್ವ, ಇಳಿಜಾರ್ನಲ್ಲಿ ಇಂದಿಂದ ಬಂದು ಚಕ್ರುಕ್ಕೇ ನುಗ್ಗುಬುಟ್ರು," ಎಂದು ಅಂಗಳದಲ್ಲಿ ಕೂತು ಅತ್ತದ್ದನ್ನು ನೀನೂ ಕೇಳಿದೆ. ನಾವು ಹೋದಾಗ ಅವನ ಎಡಗೈ ಗಾಡಿಯ ಚಕ್ರಕ್ಕೂ ಮೋಟಾರಿನ ಹಿಡಿಗೂ ನಡುವೆ ಸಿಕ್ಕಿಕೊಂಡಿತ್ತು. ನಾನು ಹೊಲಿದ ಕೈಗವಸು ಆ ಕೈಯಲ್ಲೇ ಇತ್ತು. ನನ್ನ ಮಗ ನನ್ನ ಮಾತು ನಡೆಸಿದ್ದಾನೆ ಎಂದು ಆ ಹೊತ್ತಿನಲ್ಲೂ ಒಂದು ಕ್ಷಣ ಅನ್ನಿಸಿತು. ಸುಳ್ಳೇಕೆ ಹೇಳಲಿ.

ಅವನ ಕೋಟು ಇಲ್ಲೇ ಉಳಿದಿತ್ತು. ಆಳಿಗೆ ಕೊಡದೆ ನಾನೇ ಒಗೆದೆ. ಮೂರು ನೀರಿಗೂ ರಕ್ತ ಬಿಡಲಿಲ್ಲ. ಒಗೆಯುವ ಮುಂಚೆ ಒಳಜೇಬಿಗೆ ಕೈ ಹಾಕಿದರೆ ಏನು ಸಿಕ್ಕಿತು ಹೇಳು. ಆ ತೊಗಲಿನ ಜೋಡಿ. ಹೊಸದಲ್ಲ. ಹಿಡಿ ಹಿಡಿದು ಹಿಡಿದು ಅಂಗೈಯ ಕಡೆ ಕಪ್ಪಾಗಿ ಮಿರುಗುತ್ತಿದ್ದ ಜೋಡಿ.

ಹಾಗಾದರೆ ನೀನು ಬರೆದ ನಾಲ್ಕು ಸಾಲು ಸುಳ್ಳು. ದಿನವೂ ಅದನ್ನೇ ಹಾಕುತ್ತಿದ್ದ, ನೀನೇ ಹಾಕಿಸುತ್ತಿದ್ದೆ. ಲಿಂಗ ಹಿಡಿಯುವ ಕೈಗೆ ತೊಗಲು ತೊಡಿಸಿದೆ, ಆ ಕೈಯೇ ಹೋಯಿತು. ಹೆಬ್ಬೆರಳು ಒಂದು ಉಳಿದಿದೆಯಂತೆ. ಇದಕ್ಕೆ ಏನು ಹೇಳುತ್ತೀಯೆ, ಬರೆ. ನಾಲ್ಕು ಸಾಲಿಗಿಂತ ಹೆಚ್ಚಾಗಿ ಬರೆ.

ಶಿವರುದ್ರಮ್ಮ


ಮೈಸೂರು
೧೧-೨-೧೯೫೭

ಅತ್ತೆಯವರಿಗೆ ಶರಣಾರ್ಥಿಗಳು.

ಹೆಚ್ಚಾಗಿ ಬರೆಯಲು ಹೇಳಿದ್ದೀರಿ, ಬರೆಯುತ್ತೇನೆ. ಆ ಕಾರ್ಡು ಸುಳ್ಳು. ಬರೆದ ಕೈ ನನ್ನದು, ಹೇಳಿಸಿದವರು ಇವರು.

ನಿಮ್ಮ ಕೈಗವಸು ಬಂದ ಮಾರನೆಯ ದಿನವೇ ಹಾಕಿಕೊಂಡು ನೋಡಿದರು. ನಾಲ್ಕು ಬೆರಳು ಒಂದೇ ಮನೆಯಲ್ಲಿದ್ದುದರಿಂದ ಹಿಡಿ ಸರಿಯಾಗಿ ಸಿಕ್ಕಲಿಲ್ಲ, ಬಿಗಿಗೆ ಮಡಚಲೂ ಬರಲಿಲ್ಲ. ಮನೆಯ ಮುಂದೆಯೇ ಒಂದು ಸುತ್ತು ಹೋಗಿ ಬಂದು ಬಿಚ್ಚಿದರು. "ಅವ್ವ ಕಣ್ಣು ಕಾಣ್ದೆ ಹೊಲ್ದವ್ಳೆ. ಬೆಚ್ಚಗವೆ ಅಂತ ಬರೀ. ಅದೇನು ಸುಳ್ಳಲ್ಲ, ಬೆಚ್ಚಗೇ ಅವೆ," ಅಂದರು. ಅಂದಿನಿಂದ ಸಣ್ಣಯ್ಯನ ಜೋಡಿ ಹಾಕಿಕೊಂಡೇ ಹೋದರು. ಆ ಒಂದು ತಿಂಗಳು ಒಂದು ಪಿಚಕಾರಿಯೂ ಒಡೆಯಲಿಲ್ಲ. ಕಾಫಿ ಲೋಟವನ್ನು ತಾವೇ ಹಿಡಿದರು. ಇದನ್ನು ನಿಮಗೆ ಬರೆಯಬೇಕೆಂದು ಎಷ್ಟೋ ಸಲ ಅನ್ನಿಸಿತ್ತು.

ಆ ಬುಧವಾರ ಹ್ಯಾಂಡ್‌ಪೋಸ್ಟಿನಿಂದ ಹುಣಸೂರಿನವರೆಗೆ ತೊಗಲಿನದನ್ನೇ ಹಾಕಿಕೊಂಡು ಬಂದರಂತೆ. ಹುಣಸೂರಿನ ಹೋಟೆಲಿನಲ್ಲಿ ಕಾಫಿ ಕುಡಿದು, ಅದನ್ನು ಬಿಚ್ಚಿ ಒಳಜೇಬಿಗೆ ಹಾಕಿ, ನಿಮ್ಮದನ್ನು ತೊಟ್ಟು, ದಾರವನ್ನು ಹೋಟೆಲಿನವನ ಕೈಯಲ್ಲಿ ಬಿಗಿಸಿಕೊಂಡು ಹೊರಟರಂತೆ. "ಅವ್ವ ಬಾಗ್ಲಲ್ಲೇ ನಿಂತಿರ್ತಾಳೆ, ನೋಡ್ಲಿ," ಅಂದುಕೊಂಡರಂತೆ. ನೀವು ಅನ್ನುವ ತೊಗಲು ಹುಣಸೂರಿನವರೆಗೆ ಅವರನ್ನು ಕರೆತಂದಿತು ಅತ್ತೆ. ಅಲ್ಲಿಂದ ಈಚೆಗೆ ಅವರ ಕೈಯಲ್ಲಿ ತೊಗಲಿರಲಿಲ್ಲ.

ಗಾಡಿ ಕಣ್ಣಿಗೆ ಬಿದ್ದ ಕೂಡಲೇ ಎರಡೂ ಹಿಡಿ ಎಳೆದರಂತೆ. ಎರಡೂ ಜಾರಿದವು ಎನ್ನುತ್ತಾರೆ. ಏಕೆ ಜಾರಿದವು ಎಂದರೆ ಗೋಡೆಯ ಕಡೆ ತಿರುಗುತ್ತಾರೆ. ಆಸ್ಪತ್ರೆಯಲ್ಲಿ ನರ್ಸು ಕೈಗವಸನ್ನು ಕತ್ತರಿಯಿಂದ ಬಿಡಿಸುವಾಗ ನಾನು ಪಕ್ಕದಲ್ಲಿದ್ದೆ. ಗಾಯವಿಲ್ಲದ ಬಲಗೈಯದೂ ಲೋಳೆಲೋಳೆಯಾಗಿತ್ತು. "ಇದಕ್ಕೆ ಏನಮ್ಮ ಹಚ್ಚಿದೀರಿ?" ಎಂದು ಅವಳು ಕೇಳಿದಳು. ಏನೂ ಹಚ್ಚಿಲ್ಲ, ಇಬ್ಬನಿ ಇರಬೇಕು ಎಂದೆ.

ಇನ್ನು ಪಿಚಕಾರಿ ಹಿಡಿದು ದನ ಹಿಡಿಯುವ ಕೆಲಸ ಇವರಿಂದ ಆಗದು. ಕಚೇರಿಯಲ್ಲಿ ಬರೆಯುವ ಕೆಲಸ ಕೊಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಲಿಂಗಪೂಜೆಗೆ ಎಡಗೈ ಚಾಚಿದರೆ ಬೆರಳಿನ ಆಸರೆಯಿಲ್ಲದೆ ಅಂಗೈ ವಾಲುತ್ತದೆ, ಲಿಂಗ ನಿಲ್ಲುವುದಿಲ್ಲ. ಒಂದು ವಾರ ಪೂಜೆಯಿಲ್ಲದೆ, ಅದಕ್ಕಾಗಿ ಊಟವಿಲ್ಲದೆ, ಬರೀ ಹಾಲಿನಲ್ಲಿ ಇದ್ದರು. ಈಗ ಅವರ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟುಕೊಂಡು ಕೂರುತ್ತೇನೆ. ನಿಲ್ಲುತ್ತದೆ.

ಸರ್ವಮಂಗಳ


ಹನಗೋಡು
೪-೩-೧೯೫೭

ಸರ್ವಮಂಗಳಳಿಗೆ,

ಒಂದು ಡಬ್ಬಿ ತುಪ್ಪ, ಅಕ್ಕಿ, ಕೊಬ್ಬರಿ ಕಳಿಸಿದ್ದೇನೆ. ಕೋಟನ್ನೂ ಮಡಿಸಿ ಇಟ್ಟಿದ್ದೇನೆ. ಜೇಬಿನಲ್ಲಿದ್ದದ್ದು ಜೇಬಿನಲ್ಲೇ ಇದೆ, ನಾನು ಇಟ್ಟುಕೊಂಡಿಲ್ಲ.

ಗಂಡನ ಪೂಜೆಗೆ ಹೆಂಡತಿ ಕೈ ಒಡ್ಡುವುದನ್ನು ನಾನು ಕೇಳಿಲ್ಲ, ನೋಡಿಲ್ಲ. ಅವರವರ ಲಿಂಗಕ್ಕೆ ಅವರವರ ಕೈ. ಯಾವ ಗುರು ಅಪ್ಪಣೆ ಕೊಟ್ಟರು?

ಜಾರಿದ ವಿಷಯ ಬರೆದಿದ್ದೆ. ಅದು ಉಣ್ಣೆಯ ದೋಷ. ಈ ಚಿಕ್ಕಬೀರಯ್ಯ ಸತ್ತ ಕುರಿಯ ಉಣ್ಣೆ ಬೆರೆಸಿ ನೇಯ್ದಿರಬೇಕು. ಶಿವರಾತ್ರಿಯ ದಿನ ಮಠದ ಜಗಲಿಯಲ್ಲಿ ಕೇಳಿದವರಿಗೆ ಹಾಗೆಂದೇ ಹೇಳಿದೆ. ಅವನ ಕಂಬಳಿಯಿಂದಲೇ ನನ್ನ ಮಗನ ಕೈ ಹೋಯಿತು ಎಂದು ಊರಿಗೆ ತಿಳಿಯಲಿ. ಅವನನ್ನು ಇನ್ನು ಅಂಗಳಕ್ಕೆ ಸೇರಿಸುವುದಿಲ್ಲ.

ಬಿಸಿಲು ಏರುತ್ತಿದೆ. ಗಾಯಕ್ಕೆ ನೊಣ ಕೂರದ ಹಾಗೆ ನೋಡಿಕೊ.

ಶಿವರುದ್ರಮ್ಮ


ಹನಗೋಡು
೨೫-೩-೧೯೫೭

ಚಿ. ಕಂಠಪ್ಪನಿಗೆ ಆಶೀರ್ವಾದ.

ನಿನ್ನ ಹೆಸರಿಗೆ ಕಾಗದ ಬರೆದು ಎರಡು ವರ್ಷ ನಾಲ್ಕು ತಿಂಗಳಾಗಿದೆ. ಲಕೋಟೆಯ ಮೇಲೆ ಬರೆಯುವಾಗ ಅಂಚೆಯವನು ನೋಡುತ್ತಾನೆಂದು ನಾಚಿಕೆಯಾಯಿತು. ಬರೆದೆ.

ನಿನ್ನೆ ಚಿಕ್ಕಬೀರಯ್ಯನ ಹೆಂಡತಿ ಚಿಕ್ಕಬೀರಮ್ಮ ಬಂದಿದ್ದಳು. ಒಳಗೆ ಬರಲಿಲ್ಲ. ನಡು ಅಂಗಳದಲ್ಲಿ ನಿಂತು ಕೂಗಿದಳು. ಭದ್ರಮ್ಮನ ಮನೆಯವರು, ಗದ್ದೆಗೆ ಹೊರಟ ಆಳುಗಳು, ಎಲ್ಲ ನಿಂತು ಕೇಳಿದರು.

"ಅವ್ವಾರೇ, ನಮ್ ಕಂಬ್ಳಿ ಯಾರೂ ಮುಟ್ತಾ ಇಲ್ಲ. ಸಂತೇಗೆ ಒತ್ಕಂಡೋದ್ದು ಒತ್ಕಂಡೇ ಬತ್ತೀವಿ. ಪಟೇಲ್ರ ಮಗನ ಕೈ ತಿಂದ ಕಂಬ್ಳಿ ಅಂತಾರೆ. ಕೇಳೀನಿ, ಯೋಳಿ. ಅವತ್ತು ನನ್ ಗಂಡ ನಿಮ್ಗೆ ಏನಂದ? ‘ಗಂಜಿ ಓಗಂಗೆ ಎಲ್ಡು ನೀರ್ನಲ್ಲಿ ತುಳ್ದು ಒಗ್ದು ಒಣಗ್ಸಿ, ಆಮ್ಯಾಕೆ ಕತ್ರಿ ಆಕಿ. ಇಲ್ದಿದ್ರೆ ನೀರು ಬಿದ್ರೆ ಲೋಳ್ಸರ ಆದಂಗಾಯ್ತದೆ’ ಅನ್ನಿಲ್ವಾ? ನಾನು ಪಕ್ಕದಾಗೇ ನಿಂತಿದ್ದೆ ಕಣ್ರವ್ವ. ಲಿಂಗ ಕಟ್ಟಿರೋರು, ಇಲ್ಲ ಅನ್ನಿ ನೋಡಾನ!"

ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅವನು ಹೇಳಿದ್ದ. ಅವನು ಹೇಳದಿದ್ದರೂ ನನಗೆ ಗೊತ್ತಿತ್ತು. ಹೊಸ ಕಂಬಳಿಯನ್ನು ಒಗೆಯದೆ ಹೊದ್ದರೆ ಮಳೆಯಲ್ಲಿ ಅಂಟುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ, ಈ ಸೀಮೆಯ ದನ ಕಾಯುವವರಿಗೆಲ್ಲ ಗೊತ್ತು. ಆದರೆ ಆ ಚಳಿಯಲ್ಲಿ ಒಗೆದದ್ದು ಒಣಗಲು ಮೂರು ದಿನ ಬೇಕು, ಅಷ್ಟರಲ್ಲಿ ನೀನು ತೊಗಲು ಹಾಕಿಕೊಂಡುಬಿಡುತ್ತೀಯೆ ಎಂದು ಅವಸರಪಟ್ಟೆ. ಅದು ಒಂದು. ಒಗೆದ ಕಂಬಳಿ ಮೆತ್ತಗಾಗಿ ಹಳೆಯದರ ಹಾಗೆ ಜೋಲುತ್ತದೆ. ಸಣ್ಣಯ್ಯನ ಹೊಲಿಗೆಯ ಪಕ್ಕದಲ್ಲಿ ನನ್ನದು ನಿನ್ನ ಹೆಂಡತಿಯ ಕಣ್ಣಿಗೆ ಪೇಲವವಾಗಿ ಕಾಣಬಾರದು. ಇದು ಇನ್ನೊಂದು. ಒಂದು ತಿಂಗಳಿನಿಂದ ತೂಗಿ ನೋಡಿದ್ದೇನೆ, ಎರಡನೆಯದೇ ಹೆಚ್ಚು.

ಸೊಸೆ ನರ್ಸಿನ ಮಾತು ಬರೆದ ದಿನವೇ ನನಗೆ ತಿಳಿಯಿತು. ತಿಳಿದ ಮೇಲೂ ಮಠದ ಜಗಲಿಯಲ್ಲಿ ಕೂತು ಉಣ್ಣೆಯನ್ನು ಬೈದೆ.

ತಪ್ಪು ನನ್ನದು ಎಂದು ಬರೆಯಲು ಈ ಕಾಗದ. ನೀನು ಏನಾದರೂ ಬರೆ. ಬೈದು ಬರೆದರೂ ಸರಿ.

ಶಿವರುದ್ರಮ್ಮ


ಹ್ಯಾಂಡ್‌ಪೋಸ್ಟ್
೫-೪-೧೯೫೭

ಅವ್ವನಿಗೆ ಕಂಠಪ್ಪನ ಶರಣಾರ್ಥಿಗಳು.

ಹುಣಸೂರು ದಾಟಿ ಎರಡು ಮೈಲಿ ಬರುವುದರೊಳಗೆ ಕೈ ಅಂಟತೊಡಗಿತು. ಗಂಜಿ ಎಂದು ಆಗಲೇ ಗೊತ್ತಾಯಿತು. ನಿಲ್ಲಿಸಿ ಬಿಚ್ಚಬಹುದಾಗಿತ್ತು. ಎಂಟಾಗುತ್ತಿತ್ತು, ನೀವು ಬಾಗಿಲಲ್ಲಿ ನಿಂತಿರುತ್ತೀರಿ ಎಂದು ನಿಲ್ಲಿಸಲಿಲ್ಲ. ಅಷ್ಟು ತಪ್ಪು ನನ್ನದು. ಆಸ್ಪತ್ರೆಯಲ್ಲಿ ನಿಮ್ಮ ಮುಖ ನೋಡಿದರೆ ಇದನ್ನು ಹೇಳಿಬಿಡುತ್ತೇನೆಂದು ಗೋಡೆಯ ಕಡೆ ತಿರುಗಿದ್ದೆ. ಯಾರಿಗೂ ಹೇಳುವುದು ಬೇಡ ಎಂದುಕೊಂಡಿದ್ದೆ. ಚಿಕ್ಕಬೀರಯ್ಯನ ಮೇಲೆ ಹೊರಿಸುತ್ತೀರಿ ಎಂದು ತಿಳಿದಿದ್ದರೆ ಮೊದಲೇ ಹೇಳುತ್ತಿದ್ದೆ.

ತಪ್ಪು ಒಪ್ಪಿ ನನಗೆ ಬರೆದಿದ್ದೀರಿ. ಬರೆಯಬೇಕಾದ ಮನೆ ಇದಲ್ಲ. ನನ್ನ ಕೈಗೆ ನಿಮ್ಮ ಕಾಗದದಿಂದ ಆಗಬೇಕಾದದ್ದು ಏನೂ ಇಲ್ಲ. ಕುರುಬರ ಕೇರಿ ನಮ್ಮ ಹಿತ್ತಲಿನಿಂದ ಕೂಗಿದರೆ ಕೇಳುವಷ್ಟು ದೂರ.

ನೀವು ಹೋಗಿ ಬಂದ ಮೇಲೆ ಬರೆಯಿರಿ. ಅಲ್ಲಿಯವರೆಗೆ ಬೇಡ.

ಕಂಠಪ್ಪ


ಹನಗೋಡು
೧೬-೪-೧೯೫೭

ಚಿ. ಕಂಠಪ್ಪನಿಗೆ,

ಹೋಗಿ ಬಂದೆ.

ಎಂಟು ದಿನ ಹೊರಡಲಿಲ್ಲ. ಚಿಕ್ಕಬೀರಯ್ಯನಿಗೆ ಹೇಳಿಕಳಿಸಿದರೆ ಅವನೇ ಅಂಗಳಕ್ಕೆ ಬರುತ್ತಾನೆ, ಜಗಲಿಯ ಮೇಲೆ ಕೂತೇ ಹೇಳಬಹುದು ಎಂದು ಯೋಚಿಸಿದೆ. ಹೇಳಿಕಳಿಸಿದೆ. ಅವನು ಬರಲಿಲ್ಲ. "ಅಂಗಳುಕ್ಕೆ ಬರ್ಬ್ಯಾಡ ಅಂದವ್ರೆ, ನಾನ್ಯಾಕೆ ಓಗ್ಲಿ," ಅಂದನಂತೆ. ಹಾಗಾಗಿ ನಿನ್ನೆ ಬೆಳಿಗ್ಗೆ ಪೂಜೆ ಮುಗಿಸಿ ನಾನೇ ಹೊರಟೆ. ಹಿತ್ತಲ ದಾರಿ ಬಿಟ್ಟು ಮಠದ ಮುಂದಿನಿಂದಲೇ ಹೋದೆ. ಜಗಲಿಯಲ್ಲಿ ಕೂತಿದ್ದವರಿಗೆ, "ಕಂಬಳಿಯಲ್ಲಿ ಏನೂ ದೋಷವಿರಲಿಲ್ಲ. ಅವನು ಒಗೆಯಲು ಹೇಳಿದ್ದ, ನಾನು ಒಗೆಯಲಿಲ್ಲ," ಎಂದೆ. ನಾಲ್ಕೈದು ಜನ ನನ್ನ ಹಿಂದೆಯೇ ಕೇರಿಯವರೆಗೂ ಬಂದರು, ತಮಾಷೆ ನೋಡಲು.

ಮದುವೆಯಾಗಿ ಬಂದು ಮೂವತ್ತೈದು ವರ್ಷದಲ್ಲಿ ಆ ಕೇರಿಗೆ ಕಾಲಿಟ್ಟವಳಲ್ಲ. ಅವನು ಗುಂಡಿಮಗ್ಗದಲ್ಲಿ ಕೂತಿದ್ದ. ಸೊಂಟದವರೆಗೆ ನೆಲದೊಳಗೆ. ನಾನು ನಿಂತಿದ್ದೆ. ಎದ್ದು ಬರಲಿಲ್ಲ, ಲಾಳಿಯನ್ನೂ ನಿಲ್ಲಿಸಲಿಲ್ಲ. ಮಠದಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದು ಮೂರನೆಯ ಸಲವೂ ಹೇಳಿದೆ. ಆಗ ನಿಲ್ಲಿಸಿದ.

"ಚಿಕ್ಕಬುದ್ದಿಯೋರು ಎಂಗವ್ರೆ?" ಎಂದು ನಿನ್ನ ವಿಷಯ ಕೇಳಿದ. ಅವನು ಕೇಳಿದ್ದು ಅದೊಂದೇ. ಕಚೇರಿಯಲ್ಲಿ ಬರೆಯುವ ಕೆಲಸ ಸಿಕ್ಕಿದೆ ಎಂದೆ. ಚಿಕ್ಕಬೀರಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

ನಿನಗೆ ಎರಡು ಮಾತು. ಬರುವ ಚಳಿಗಾಲಕ್ಕೆ ನಿನ್ನ ಬಲಗೈಯಾದರೂ ಬೆಚ್ಚಗಿರಬೇಕು, ಸಣ್ಣಯ್ಯನದನ್ನೇ ಹಾಕಿಕೊ. ಸರ್ವಮಂಗಳ ಪೂಜೆಗೆ ಕೈ ಒಡ್ಡುವುದನ್ನು ಬಿಡಿಸಬೇಡ. ನಾನು ಯಾವ ಗುರುವನ್ನೂ ಕೇಳಿಲ್ಲ, ನೀನೂ ಕೇಳಬೇಡ. ಇದನ್ನು ಅವಳಿಗೆ ನೀನೇ ಓದಿ ಹೇಳು.

ಸ್ಮರಣೆಗೆ ಬಾ ಎಂದು ಕರೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಾನು ಹೊರಡಲು ತಿರುಗಿದಾಗ ಚಿಕ್ಕಬೀರಯ್ಯ ಗುಂಡಿಯಿಂದ ಮೇಲೆ ಬಂದು, ಒಳಗಿನಿಂದ ಒಂದು ಕಂಬಳಿ ತಂದು ಜಗಲಿಯ ಮೇಲೆ ಹಾಸಿದ. ಬಿಸಿಲಿನಲ್ಲಿ ನಡೆದು ಬಂದಿದ್ದೆ, ಆದರೂ ನಿಂತೇ ಇದ್ದೆ.

"ಕೂತ್ಕಳಿ ಅವ್ವಾರೇ," ಅಂದ. "ಒಗ್ದಿರಾದೇ ಕಣ್ರವ್ವ. ಜಾರಾಕಿಲ್ಲ."

ಹಿಂದೆ ಬಂದವರಲ್ಲಿ ಯಾರೂ ನಗಲಿಲ್ಲ. ಕೂತೆ.

ಶಿವರುದ್ರಮ್ಮ